ಆಕ್ಸೆಲ್ ಬಿಚ್ಚಲಿಕ್ಕೆ ಸುತ್ತಿಗೆ ಯಾಕೆ ಮಾರಾಯ್ರೆ?

ನಮಸ್ಕಾರ. ಹೋದ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದಾರೆ: ‘ಮುಂದಿನ ಆಕ್ಸೆಲ್ ಬಿಚ್ಚಲಿಕ್ಕೆ ಇಷ್ಟು ಶಾಸ್ತ್ರ ಯಾಕೆ? ಸುತ್ತಿಗೆಯಲ್ಲಿ ನಾಲ್ಕು ಬಿಟ್ಟರೆ ಬರ್ತದೆ.’ ಬರ್ತದೆ, ಯಾರು ಇಲ್ಲ ಅಂದ್ರು? ವಾಪಸ್ ಕೂರೋದಿಲ್ಲ, ಅಷ್ಟೆ. ಆಕ್ಸೆಲ್ ಅಂದ್ರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್. ಅದರ ತುದಿ ಜಜ್ಜಿ ಅಗಲ ಆದ ಮೇಲೆ ನಟ್ ಒಂದು ಸುತ್ತೂ ಹತ್ತೋದಿಲ್ಲ.

ಕ್ರಮ ಕೇಳಿ. ಚಕ್ರ ನೆಲದ ಮೇಲಿರುವಾಗಲೇ ಹಬ್ (ಚಕ್ರ ಕೂರುವ ನಡುಭಾಗ) ನಟ್ಟಿನ ಮಡಚಿದ ಅಂಚನ್ನು ಸಣ್ಣ ಉಳಿಯಿಂದ ಎತ್ತಿ. ಒಬ್ಬರು ಬ್ರೇಕ್ ಪೆಡಲ್ ಒತ್ತಿ ಕೂರಲಿ. ಹ್ಯಾಂಡ್‌ಬ್ರೇಕ್ ನಂಬಬೇಡಿ, ಅದು ಹಿಡಿಯೋದು ಹಿಂದಿನ ಚಕ್ರ. ಉದ್ದ ಹಿಡಿಕೆ ಹಾಕಿ ನಟ್ ಸಡಿಲಿಸಿ. ಆಮೇಲೆ ಜಾಕಿ, ಸ್ಟ್ಯಾಂಡ್. ಗೇರ್ ಆಯಿಲ್ ಇಳಿಸಿ. ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಹಬ್ಬನ್ನು ಹೊತ್ತ ಕಬ್ಬಿಣದ ತುಂಡು, ಅದೇ ನಕಲ್, ಅದನ್ನು ಹೊರಗೆ ಎಳೆದರೆ ಶಾಫ್ಟ್ ಹಬ್ಬಿನಿಂದ ಜಾರ್ತದೆ. ಗೇರ್‌ಬಾಕ್ಸ್ ಕಡೆ ಲಿವರ್ ಇಟ್ಟು ಶಾಫ್ಟಿನ ಒಳತುದಿಯ ಜಾಯಿಂಟಿನ ಮೈಗೇ ಮೀಟಿ. ಶಾಫ್ಟ್ ಹಿಡಿದು ಜಗ್ಗಿದರೆ ಒಳಗಿನ ಜಾಯಿಂಟ್ ಅದರ ರಬ್ಬರ್ ಮುಸುಕಿನ, ಅಂದ್ರೆ ಬೂಟಿನ, ಒಳಗೇ ಕಳಚ್ತದೆ. ಆಯಿಲ್ ಸೀಲಿಗೆ ಸ್ಪ್ಲೈನ್ (ಶಾಫ್ಟಿನ ತುದಿಯ ಉದ್ದುದ್ದ ಹಲ್ಲು) ತಾಗಿಸಬೇಡಿ, ಸೋರ್ತದೆ. ಇದರಲ್ಲಿ ಸುತ್ತಿಗೆ ಎಲ್ಲಿ ಬಂತು ಹೇಳಿ?

‘ಕಾರವಾರದ ಉಪ್ಪು ಗಾಳಿಗೆ ಹಬ್ಬಲ್ಲಿ ತುಕ್ಕು ಕಚ್ಚಿರ್ತದೆ.’ ಕಚ್ಚಿರ್ತದೆ, ಒಪ್ಪಿದೆ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬರಲಿಲ್ಲವಾ, ಪುಲ್ಲರ್ (ತಿರುಪು ತಿರುಗಿಸಿ ಶಾಫ್ಟನ್ನು ನಿಧಾನ ನೂಕುವ ಸಾಧನ) ಹಾಕಿ ಒತ್ತಿ. ‘ಪುಲ್ಲರ್ ದುಬಾರಿ.’ ಹೊಸ ಶಾಫ್ಟ್ ಏನು ಪುಕ್ಕಟೆಯಾ?

‘ಹಳೆ ನಟ್ ತುದಿಗೆ ಸಮ ಮಾಡಿ ಹೊಡೀತೇವೆ, ಥ್ರೆಡ್ ಉಳೀತದೆ.’ ಉಳೀಲಿ. ಕಚ್ಚಿದ ಸ್ಪ್ಲೈನ್ ದಾಟಿ ಪೆಟ್ಟು ಹೋಗೋದು ವೀಲ್ ಬೇರಿಂಗಿಗೆ. ಅದನ್ನು ಯಾರು ಉಳಿಸ್ತಾರೆ? ಹೊರಗಿನ ಸಿವಿ ಜಾಯಿಂಟಿನ, ಅಂದ್ರೆ ಚಕ್ರ ತಿರುಗಿದಾಗಲೂ ಬಾಗಿ ಶಕ್ತಿ ದಾಟಿಸುವ ಕೀಲಿನ, 6 ಗುಂಡುಗಳನ್ನು ಯಾರು ಕೇಳ್ತಾರೆ?

ಹಾಂ, ಬೆಲ್ ಬಟನ್ ಒತ್ತಿ. ಬೆರಳಲ್ಲಿ, ಸುತ್ತಿಗೆಯಲ್ಲಲ್ಲ.

ಶಾಫ್ಟ್ ತೆಗೆದ ಗಾಡಿಯನ್ನು ನೂಕಬೇಡಿ. ಬೇರಿಂಗಿಗೆ ಒಳಗಿನ ಬಿಗಿತವೇ ಇರೋದಿಲ್ಲ. ಕೂರಿಸುವಾಗ ಹೊಸ ನಟ್, ಹೊಸ ಸರ್ಕ್ಲಿಪ್ (ಶಾಫ್ಟ್ ಜಾರದ ಹಾಗೆ ಹಿಡಿಯುವ ಉಂಗುರ), ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕ್ (ಬಿಗಿಯುವ ಬಲ). ‘ಕೈ ಅಂದಾಜಿಗೆ ಬಿಗೀತೇವೆ’ ಅನ್ನೋರೂ ಅದೇ ಸುತ್ತಿಗೆ ಪಂಗಡ, ನನಗೆ ಗೊತ್ತುಂಟು.

ಶಿರಸಿ ಕಡೆಯವರು ‘ನಮ್ಮ ಗ್ಯಾರೇಜಲ್ಲಿ ಹೀಗೇ ಮಾಡೋದು’ ಅಂತ ಬರೀತಾರೆ. ಮಾಡಿ ಮಾರಾಯ್ರೆ! ದೇವಿಮನೆ ಘಾಟಿನ ತಿರುವಲ್ಲಿ ಜಾಯಿಂಟ್ ಕಟಕಟ ಅಂದಾಗ ಆ ಸದ್ದು ರೆಕಾರ್ಡ್ ಮಾಡಿ ನನಗೆ ಕಳಿಸಬೇಡಿ. ಬೇಡ ಅಂದ್ರೆ ಬೇಡ. ಸಣ್ಣ ಸುತ್ತಿಗೆಯೂ ಬೇಡ. ಮಾವನ ಮನೆ ಸುತ್ತಿಗೆಯೂ ಬೇಡ.

ಮುಂದಿನ ವಿಡಿಯೋ ಬೂಟ್ ಬದಲಿಸೋದು. ಕಿಟ್ಟಿನ ಗ್ರೀಸ್ ಪೂರ್ತಿ ಹಾಕಬೇಕಾ ಅಂತ ಕೇಳಿದವರೇ, ಹೌದು, ಪೂರ್ತಿ.