ಕಾರು ಠಾಣೆ ಸೇರಿದರೆ ಹೊರಗೆ ತರೋದು ಹೇಗೆ?

ಠಾಣೆ ಕಾಂಪೌಂಡಿನಲ್ಲಿ ಸಾಲಾಗಿ ನಿಂತಿರೋ ಈ ಕಾರುಗಳನ್ನ ನೋಡಿ. ನಾಲ್ಕೂ ಟೈರು ನೆಲಕ್ಕೆ ಕೂತಿವೆ. ಬಾನೆಟ್ ಮೇಲೆ ಹೊಂಗೆ ಎಲೆ ಕೊಳೆತು ಪೇಂಟು ಎದ್ದಿದೆ, ವೈಪರ್ ಸಂದಿಯಲ್ಲಿ ಪಾರ್ಥೇನಿಯಂ ಚಿಗುರಿದೆ. ಗಾಜಿನ ಮೇಲೆ ಬಿಳಿ ಪೇಂಟಿನಲ್ಲಿ ಕ್ರೈಂ ನಂಬರ್, ಅಂದ್ರೆ ಠಾಣೆಯ ಕೇಸು ನಂಬರ್. ಇವೆಲ್ಲಾ ಅಪರಾಧಿಗಳ ಕಾರು ಅಂದುಕೊಳ್ಳಬೇಡಿ. ಗೆಳೆಯನಿಗೆ ಒಂದು ದಿನಕ್ಕೆ ಕೊಟ್ಟಿದ್ದು, ಬಾಡಿಗೆಗೆ ಬಿಟ್ಟಿದ್ದು, ಮಾರಿದ ಮೇಲೂ ಆರ್‌ಸಿಯಲ್ಲಿ ಹೆಸರು ಬದಲಾಗದೇ ಉಳಿದಿದ್ದು, ಇಂಥವೂ ಇಲ್ಲಿಗೇ ಬರುತ್ತವೆ. ಕೇಸು ಮುಗಿಯೋ ತನಕ ಕಾರು ಸಿಗಲ್ಲ ಅಂತ ಮನೆಯಲ್ಲಿ ಕೂತುಬಿಡೋದೇ ಮಾಲೀಕರು ಮಾಡೋ ದೊಡ್ಡ ತಪ್ಪು.

ಮೊದಲು ಬರೋದು ಫೋನು. ನಂಬರ್ ಪ್ಲೇಟಿನಿಂದ ಪೊಲೀಸರಿಗೆ ಸಿಗೋದು ಆರ್‌ಸಿ ಮಾಲೀಕರ ಹೆಸರು, ಓಡಿಸಿದವರದ್ದಲ್ಲ. ಕ್ರೈಂ ನಂಬರ್, ಸೆಕ್ಷನ್, ತನಿಖಾಧಿಕಾರಿಯ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ನೋಟಿಸ್ ಕೈಗೆ ಬಂದರೆ ಯಾವ ಸೆಕ್ಷನ್ ಅಂತ ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿರೋ, ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕ್ರಿಮಿನಲ್ ಪ್ರಕ್ರಿಯೆಯ ಕಾನೂನು ಬಿಎನ್‌ಎಸ್‌ಎಸ್‌ನಲ್ಲಿ 179 ಅಂದ್ರೆ ಸಾಕ್ಷಿಯಾಗಿ ಕರೆದಿದ್ದಾರೆ. 35(3) ಅಂದ್ರೆ ನಿಮ್ಮ ಮೇಲೇ ಆರೋಪ ಅಥವಾ ಅನುಮಾನ ಇದೆ, ವಕೀಲರನ್ನ ಕಾಣದೇ ಹೋಗಬೇಡಿ. 179ರಲ್ಲಿ ಹೆಂಗಸರನ್ನೂ 60 ದಾಟಿದವರನ್ನೂ ಠಾಣೆಗೆ ಬರಲೇಬೇಕು ಅನ್ನೋ ಹಾಗಿಲ್ಲ, ಹೇಳಿಕೆಯನ್ನ ಮನೆಯಲ್ಲೇ ತಗೋಬೇಕು.

ಆವತ್ತು ಯಾರು ಓಡಿಸುತ್ತಿದ್ದರು ಅಂತ ಕೇಳಿದರೆ ಹೇಳೋದು ಮಾಲೀಕರ ಕರ್ತವ್ಯ, ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ. ಲಿಖಿತವಾಗಿ ಕೊಟ್ಟು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅಪಘಾತದ ಕೇಸಲ್ಲಿ ಲೈಸೆನ್ಸ್ ಇರೋ ಇನ್ನೊಬ್ಬರನ್ನ ಡ್ರೈವರ್ ಅಂತ ತೋರಿಸಿ ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ಖಂಡಿತ ಬೇಡ. ಸಿಸಿಟಿವಿ, ಮೊಬೈಲ್ ಲೊಕೇಶನ್ ಎರಡರಲ್ಲೂ ಅದು ಸಿಕ್ಕಿಬೀಳುತ್ತೆ, ಆಗ ನೀವೂ ಆರೋಪಿ. ವಿಷಯ ಗೊತ್ತಾದ ಮೇಲೆ ಕಾರು ತೊಳೆಸಬೇಡಿ, ಡೆಂಟ್ ತೆಗೆಸಬೇಡಿ, ಡ್ಯಾಶ್‌ಕ್ಯಾಮ್ ಕಾರ್ಡು ಮುಟ್ಟಬೇಡಿ. ಸಾಕ್ಷ್ಯ ನಾಶ ಅನ್ನೋದು ಬೇರೆಯೇ ಕೇಸು.

ಜಪ್ತಿ ಆಗುವಾಗ ಪಂಚರ (ಸ್ಥಳದ ಸಾಕ್ಷಿಗಳ) ಮುಂದೆ ಮಹಜರು ಬರೀತಾರೆ, ಈಗ ವಿಡಿಯೋನೂ ಮಾಡಲೇಬೇಕು. ಮುಂದೆ ಜಗಳ ಹುಟ್ಟೋದು ಇಲ್ಲೇ. ಮಹಜರಿನಲ್ಲಿ "ಒಂದು ಬಿಳಿ ಕಾರು" ಅಂತಷ್ಟೇ ಬರೆದಿದ್ದರೆ, ಆರು ತಿಂಗಳ ಮೇಲೆ ಸ್ಟೆಪ್ನಿ ಇರಲಿಲ್ಲ, ಸ್ಟಿರಿಯೋ ಇರಲಿಲ್ಲ ಅಂತ ಠಾಣೆಯವರು ಅಂದಾಗ ನಿಮ್ಮ ಮಾತಿಗೆ ಆಧಾರವೇ ಇರಲ್ಲ. ಕಿಲೋಮೀಟರ್ ರೀಡಿಂಗ್, ಸ್ಟೆಪ್ನಿ, ಜಾಕ್, ಬ್ಯಾಟರಿ, ಈಗಾಗಲೇ ಇರೋ ಗೀರುಗಳು, ಎಲ್ಲವನ್ನೂ ಬರೆಸಿ. ಪಿ.ಎಫ್. (ಪ್ರಾಪರ್ಟಿ ಫಾರಂ) ನಂಬರ್ ತಗೊಳ್ಳಿ. ವಶಪಡಿಸಿಕೊಂಡ ಮಾಲಿನ ಪಟ್ಟಿ ಕೋರ್ಟಿಗೆ ಹೋಗೋದು ಆ ನಂಬರಿನಲ್ಲೇ.

ಇನ್ನು ಅರ್ಜಿ. ಕಾರು ಬಿಡೋ ಅಧಿಕಾರ ಕೋರ್ಟಿನದು, ಸ್ಟೇಷನ್ನಿಗೆ ಅಲೆದು ಪ್ರಯೋಜನ ಇಲ್ಲ. ಆ ಠಾಣೆ ಯಾವ ಜೆಎಂಎಫ್‌ಸಿ (ಮೊದಲ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನ ವ್ಯಾಪ್ತಿಗೆ ಬರುತ್ತೋ ಅಲ್ಲಿ ಬಿಎನ್‌ಎಸ್‌ಎಸ್ 497 ಅಥವಾ 503ರ ಕೆಳಗೆ ಅರ್ಜಿ ಹಾಕಬೇಕು. ಹಳಬರು ಸಿಆರ್‌ಪಿಸಿ 451, 457 ಅಂತಾರಲ್ಲ, ಅವೇ ಇವು. ಹಾಕೋ ಮೊದಲು ಪಿ.ಎಫ್. ಕೋರ್ಟಿಗೆ ತಲುಪಿದೆಯಾ ಅಂತ ವಿಚಾರಿಸಿ. ಅದು ಠಾಣೆಯಲ್ಲೇ ಕೂತಿದ್ದರೆ ನಿಮ್ಮ ಅರ್ಜಿ ವಾಯಿದೆ ಮೇಲೆ ವಾಯಿದೆ ಹೋಗುತ್ತೆ. ಜೊತೆಗೆ ಆರ್‌ಸಿ, ಚಾಲ್ತಿ ಇನ್ಶೂರೆನ್ಸ್, ಆಧಾರ್, ಎಫ್‌ಐಆರ್ ಪ್ರತಿ ಬೇಕು. ಸಾಲ ಬಾಕಿ ಇದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಇಟ್ಟುಕೊಂಡರೆ ಒಳ್ಳೆಯದು.

ಸರ್ಕಾರಿ ವಕೀಲರು ಆಕ್ಷೇಪಣೆ ಹಾಕ್ತಾರೆ: ತನಿಖೆ ಬಾಕಿ ಇದೆ, ಎಫ್‌ಎಸ್‌ಎಲ್‌ನವರು (ವಿಧಿವಿಜ್ಞಾನ ಪ್ರಯೋಗಾಲಯ) ನೋಡಬೇಕು, ಬಿಟ್ಟರೆ ಮತ್ತೆ ಅದೇ ಕೆಲಸಕ್ಕೆ ಬಳಸ್ತಾರೆ. ಇದಕ್ಕೆ ಉತ್ತರ 2002ರ ಸುಪ್ರೀಂ ಕೋರ್ಟ್ ತೀರ್ಪು, ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣ. ಗುಜರಾತಿನ ಠಾಣೆಯಲ್ಲಿದ್ದ ಮುದ್ದೆಮಾಲನ್ನ (ಜಪ್ತಿಯಾದ ವಸ್ತುಗಳನ್ನ) ಪೊಲೀಸರೇ ಬದಲಾಯಿಸಿದರು ಅನ್ನೋ ಆರೋಪದ ಕೇಸದು. ವಾಹನಗಳನ್ನ ಠಾಣೆಯಲ್ಲಿ ದೀರ್ಘಕಾಲ ಇಟ್ಟುಕೊಂಡು ಪ್ರಯೋಜನವಿಲ್ಲ, ಬಾಂಡು ಭದ್ರತೆ ತಗೊಂಡು ಬಿಡಿ ಅಂತ ಕೋರ್ಟು ಹೇಳಿತು. ಮಾದರಿ ಸಂಗ್ರಹ ಮತ್ತು ಫೋಟೋ ಮುಗಿಸಿ ಕೊಡಿ ಅಂತ ನಿಮ್ಮ ಅರ್ಜಿಯಲ್ಲೇ ಕೇಳಿಕೊಂಡರೆ ಆಕ್ಷೇಪಣೆಯ ಅರ್ಧ ಬಲ ಹೋಗುತ್ತೆ. ಆದೇಶದಲ್ಲಿ ಸಾಮಾನ್ಯವಾಗಿ ಬರೋ ಷರತ್ತು ಇಷ್ಟೇ: ಕಾರಿನ ಬೆಲೆಗೆ ಬಾಂಡು, ಒಬ್ಬ ಜಾಮೀನುದಾರ, ಮಾರಬಾರದು, ಬಣ್ಣ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು.

ಅಪಘಾತದ ಕೇಸಾದರೆ ಮೋಟಾರು ವಾಹನ ಇನ್ಸ್‌ಪೆಕ್ಟರ್ ತಪಾಸಣೆ ಆಗಬೇಕು. ವಿಧಿವಿಧಾನ ಮುಗಿದ ಮೇಲೆ 24 ಗಂಟೆಯೊಳಗೆ ವಾಹನ ವಾಪಸ್ ಕೊಡಬೇಕು ಅಂತ ಮೋಟಾರು ವಾಹನ ಕಾಯ್ದೆಯ 136ನೇ ಸೆಕ್ಷನ್ ಹೇಳುತ್ತೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದಿದ್ದರೆ ಮಾತ್ರ ಪರಿಹಾರದ ಹಣಕ್ಕೆ ಭದ್ರತೆ ಕೊಡಬೇಕಾಗಿ ಬಂದು ಕಷ್ಟವಾಗುತ್ತೆ. ಗಾಂಜಾ ಕೇಸು ಇನ್ನೂ ಬಿಗಿ. ಮಾದಕ ವಸ್ತುಗಳ ಕಾಯ್ದೆಯಾದ ಎನ್‌ಡಿಪಿಎಸ್‌ನ 60ನೇ ಸೆಕ್ಷನ್‌ನಲ್ಲಿ, ನಿಮಗೆ ಗೊತ್ತಿರಲಿಲ್ಲ, ಎಚ್ಚರಿಕೆಯನ್ನೂ ವಹಿಸಿದ್ದಿರಿ ಅಂತ ತೋರಿಸೋ ಹೊಣೆ ನಿಮ್ಮದೇ. ಆದರೂ ಮಧ್ಯಂತರ ಬಿಡುಗಡೆಗೆ ಆ ಕಾಯ್ದೆ ಅಡ್ಡಿಯಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶ್ರೀಗಂಧ, ಮರ ಸಾಗಿಸಿದ ಕೇಸಲ್ಲಿ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಮುಂದೆ ಮುಟ್ಟುಗೋಲು ಪ್ರಕ್ರಿಯೆ ಬೇರೆಯೇ ನಡೆಯುತ್ತೆ, ಅಲ್ಲೂ ಹಾಜರಾಗಿ.

ಆದೇಶ ಸಿಕ್ಕ ದಿನ ಕೀಲಿ ತಿರುಗಿಸೋಕೆ ಆತುರ ಬೇಡ. ಮೊದಲು ಚಾಸಿಸ್ ನಂಬರಿನ 17 ಅಕ್ಷರ, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಬಾನೆಟ್ ಎತ್ತಿ ಟಾರ್ಚ್ ಬಿಡಿ: ಏರ್ ಫಿಲ್ಟರ್ ಡಬ್ಬದಲ್ಲಿ ಇಲಿ ಗೂಡು ಇರುತ್ತೆ, ವೈರಿನ ಹೊದಿಕೆ ಕಡಿದು ಒಳಗಿನ ತಾಮ್ರ ಕಾಣುತ್ತೆ. ಹಾಗೇ ಸ್ಟಾರ್ಟ್ ಮಾಡಿದರೆ ಶಾರ್ಟ್ ಆಗುತ್ತೆ. ತಿಂಗಳುಗಟ್ಟಲೆ ನಿಂತ ಕಾರಿನ ಬ್ರೇಕ್ ಡಿಸ್ಕಿಗೆ ಪ್ಯಾಡು ಹಿಡಿದಿರುತ್ತೆ, ಟೈರು ಒಂದೇ ಕಡೆ ಚಪ್ಪಟೆಯಾಗಿರುತ್ತೆ. ಓಡಿಸಬೇಡಿ, ಫ್ಲಾಟ್‌ಬೆಡ್ ಟೋಯಿಂಗ್ ಮಾಡಿಸಿ. ಇನ್ಶೂರೆನ್ಸನ್ನ ಠಾಣೆಯಲ್ಲಿದ್ದಾಗಲೂ ನವೀಕರಿಸುತ್ತಿರಿ, 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ ಹೋಗುತ್ತೆ. ಕಂತು ಕೂಡ ನಿಲ್ಲಲ್ಲ.

ಕಾರು ಮಾರೋರಿಗೆ ಒಂದು ಮಾತು. ಹಣ ಎಣಿಸಿಕೊಂಡು ಕೀಲಿ ಕೊಟ್ಟರೆ ಮುಗೀಲಿಲ್ಲ. ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಫಾರಂ 29 (ಮಾರಿದ್ದೇನೆ ಅಂತ ತಿಳಿಸೋ ಫಾರಂ) ಆರ್‌ಟಿಓಗೆ ಹೋಗಬೇಕು. ಕೊಂಡವರು ಹಾಕ್ತಾರೆ ಅಂತ ಸಹಿ ಮಾಡಿದ ಖಾಲಿ ಫಾರಂ ಕೊಟ್ಟು ಬರಬೇಡಿ. ಹಲವು ಕೈ ದಾಟಿದ ಕಾರು ಅಪಘಾತ ಮಾಡಿದಾಗಲೂ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದೇ ಅಂತ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹೆಸರು ಬದಲಾಯಿತಾ ಅಂತ ಪರಿವಾಹನ್ ಆ್ಯಪ್‌ನಲ್ಲಿ ನೋಡಬಹುದು. ಕೇಸು ಮುಗಿದ ಮೇಲೆ ಬ್ಲ್ಯಾಕ್‌ಲಿಸ್ಟ್ ಗುರುತು ಉಳಿದಿದೆಯಾ ಅನ್ನೋದೂ ಅಲ್ಲೇ ಕಾಣುತ್ತೆ. ಉಳಿದಿದ್ದರೆ ಕೋರ್ಟಿನ ಆದೇಶದ ದೃಢೀಕೃತ ಪ್ರತಿಯನ್ನ ಠಾಣೆಗೂ ಆರ್‌ಟಿಓಗೂ ಕೊಟ್ಟು ತೆಗೆಸಿ.