ಅಂಕದ ಜೊತೆಗೆ ತಪ್ಪುತ್ತರವನ್ನೂ ಬರೆದಿಡಿ

ಶಿಕ್ಷಕ ಬಂಧುಗಳಿಗೆಲ್ಲ ನಮಸ್ಕಾರ.

ಮಕ್ಕಳ ಬಗ್ಗೆ ನಾವು ದಾಖಲಿಸುವ ಮಾಹಿತಿಗೆ ಕೊರತೆಯೇನಿಲ್ಲ. ಪರೀಕ್ಷೆಯ ಅಂಕ, ಶ್ರೇಣಿ ಎಲ್ಲವೂ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯ ತಂತ್ರಾಂಶವಾದ ಸ್ಯಾಟ್ಸ್‌ಗೆ ಹೋಗುತ್ತವೆ. ಆದರೆ ನಾಳೆ ಬೆಳಿಗ್ಗೆ ಗಣಿತದ ಅವಧಿಯಲ್ಲಿ ಏನು ಮಾಡಬೇಕು ಎಂಬುದನ್ನು ‘ಬಿ ಪ್ಲಸ್’ ಹೇಳುವುದಿಲ್ಲ. ಅದನ್ನು ಹೇಳುವುದು ಮಗು ಬರೆದ ತಪ್ಪುತ್ತರ. ಅಂಕ ಕೂಡಿಸುವ ಭರದಲ್ಲಿ ಕೈಬಿಟ್ಟು ಹೋಗುವುದೂ ಅದೇ.

ದಶಕ ಸಹಿತ ಕಳೆಯುವ ಲೆಕ್ಕವನ್ನೇ ನೋಡೋಣ. 52ರಲ್ಲಿ 38 ಕಳೆದರೆ 14. ಒಂದು ಮಗು 26 ಬರೆದಿದೆ, ಇನ್ನೊಂದು 24, ಮತ್ತೊಂದು 90. ಮೂವರಿಗೂ ಸೊನ್ನೆ. 26 ಬರೆದ ಮಗು ಮೇಲೆ ಕೆಳಗೆ ನೋಡದೆ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. 24 ಬರೆದ ಮಗುವಿಗೆ ದಶಕ ಪಡೆಯುವುದು ಗೊತ್ತು. ಪಡೆದ ಮೇಲೆ 5ನ್ನು 4 ಮಾಡಿಲ್ಲ. 90 ಬರೆದ ಮಗು ಕೂಡಿಸಿಬಿಟ್ಟಿದೆ. ಇಂಥ ತಪ್ಪುಗಳಲ್ಲಿ ಬಹಳಷ್ಟು ಅಜಾಗರೂಕತೆಯಿಂದ ಆದವಲ್ಲ, ಮಗು ನಿಷ್ಠೆಯಿಂದ ಪಾಲಿಸುವ ತಪ್ಪು ನಿಯಮಗಳು ಎಂದು ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ತೋರಿಸಿದ್ದರು.

ಇದಕ್ಕೆ ದೊಡ್ಡ ತಂತ್ರಾಂಶ ಬೇಡ. ಮೊಬೈಲ್‌ನಲ್ಲಿ ಗೂಗಲ್ ಶೀಟ್ಸ್ ಸಾಕು. ಎಡಗಡೆಯ ಕಾಲಂನಲ್ಲಿ ಹಾಜರಿ ಸಂಖ್ಯೆ, ಪಕ್ಕದಲ್ಲಿ ಪ್ರಶ್ನೆಗೊಂದು ಕಾಲಂ. ಸರಿ, ತಪ್ಪು ಎಂದು ಗುರುತು ಹಾಕಬೇಡಿ. ಮಗು ಬರೆದ ಉತ್ತರವನ್ನೇ ಹಾಕಿ. ಆಮೇಲೆ ಆ ಕಾಲಂ ಅನ್ನು ಸಾರ್ಟ್ ಮಾಡಿದರೆ 26 ಬರೆದವರೆಲ್ಲ ಒಂದೆಡೆ, 24ರವರು ಇನ್ನೊಂದೆಡೆ ಸೇರುತ್ತಾರೆ. ನಾಳಿನ ಗುಂಪುಗಳು ಅಲ್ಲೇ ಸಿದ್ಧ.

ನಿಜವಾದ ಶ್ರಮ ಇರುವುದು ಪ್ರಶ್ನೆ ಆರಿಸುವುದರಲ್ಲಿ. 61ರಲ್ಲಿ 36 ಕಳೆಯಲು ಕೊಟ್ಟಿರೆಂದುಕೊಳ್ಳಿ. ದೊಡ್ಡದರಿಂದ ಚಿಕ್ಕದನ್ನು ಕಳೆದವರಿಗೂ 35 ಬರುತ್ತದೆ, ದಶಕ ಪಡೆದು 6ನ್ನು 5 ಮಾಡಲು ಮರೆತವರಿಗೂ 35 ಬರುತ್ತದೆ. ಬಿಡಿ ಸ್ಥಾನದ ಅಂಕಿಗಳ ವ್ಯತ್ಯಾಸ 5 ಆಗಿದ್ದರೆ ಎರಡು ತಪ್ಪುಗಳು ಒಂದೇ ಉತ್ತರದ ಹಿಂದೆ ಅಡಗುತ್ತವೆ. ಸೊನ್ನೆ ಇರುವ ಲೆಕ್ಕಕ್ಕೆ 504ರಲ್ಲಿ 276 ಒಳ್ಳೆಯ ಆಯ್ಕೆ. ಸರಿಯುತ್ತರ 228. 372 ಬಂದರೆ ದೊಡ್ಡದರಿಂದ ಚಿಕ್ಕದು. 328 ಬಂದರೆ ಸೊನ್ನೆಯನ್ನು 9 ಮಾಡಿ ನೂರರ ಸ್ಥಾನವನ್ನು ಹಾಗೇ ಬಿಟ್ಟಿದೆ. 338 ಬಂದರೆ ದಶಕ ಪಡೆದರೂ ಎಲ್ಲೂ ಕಡಿಮೆ ಮಾಡಿಲ್ಲ. ಒಂದೇ ಲೆಕ್ಕ ನೋಡಿ ತೀರ್ಮಾನಿಸಬೇಡಿ. ಒಂದೇ ಬಗೆಯ ಮೂರು ಲೆಕ್ಕಗಳಲ್ಲಿ ಎರಡರಲ್ಲಾದರೂ ಅದೇ ತಪ್ಪು ಕಾಣಬೇಕು.

ಇನ್ನು ಎಡವುವ ಜಾಗಗಳು. ಗೈರಾದ ಮಗುವಿಗೆ ಸೊನ್ನೆ ಹಾಕಬೇಡಿ, ಕೋಶ ಖಾಲಿ ಬಿಡಿ. ಸರಾಸರಿಯ ಸೂತ್ರ ಖಾಲಿ ಕೋಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸೊನ್ನೆಯನ್ನು ತೆಗೆದುಕೊಂಡು ಸರಾಸರಿಯನ್ನು ಕೆಳಗೆಳೆಯುತ್ತದೆ. ಶಾಲೆಗೆ ಬಂದೂ ಉತ್ತರ ಬರೆಯದ ಮಗುವಿಗೆ ಬೇರೆ ಗುರುತು ಇರಲಿ. ಗೂಗಲ್ ಫಾರ್ಮ್ಸ್‌ನಲ್ಲಿ ಉತ್ತರ ಟೈಪ್ ಮಾಡಿಸಿ ತಾನಾಗಿಯೇ ಅಂಕ ಕೊಡುವಂತೆ ಇಟ್ಟರೆ, ಸರಿಯುತ್ತರದ ಪಟ್ಟಿಯಲ್ಲಿ 14 ಮಾತ್ರ ಇದ್ದಾಗ ೧೪ ಎಂದು ಬರೆದ ಮಗು ತಪ್ಪಾಗಿಬಿಡುತ್ತದೆ. 25 ಮಕ್ಕಳ ತರಗತಿಯಲ್ಲಿ ಒಂದು ಮಗು ಎಂದರೆ ಶೇ. 4. ಹಾಗಾಗಿ ಶೇಕಡಾವಾರು ಏರಿಳಿತದ ಬೆನ್ನು ಹತ್ತುವುದಕ್ಕಿಂತ ಮಕ್ಕಳನ್ನೇ ಎಣಿಸುವುದು ಮೇಲು. ಹಾಳೆಯಲ್ಲಿ ಹೆಸರು ಬೇಡ, ಹಾಜರಿ ಸಂಖ್ಯೆ ಸಾಕು. ಅದನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕುವುದು ಮಗುವಿಗೆ ಮಾಡುವ ಅವಮಾನ.

ಗುಂಪು ಮಾಡಿದ ಮೇಲೆ 372ರವರಿಗೆ ಇನ್ನಷ್ಟು ಲೆಕ್ಕ ಕೊಡುವುದು ತಪ್ಪು ನಿಯಮವನ್ನೇ ಗಟ್ಟಿ ಮಾಡಿದಂತೆ. ಅವರ ಕೈಗೆ ಹತ್ತರ ಕಡ್ಡಿ ಕಟ್ಟುಗಳನ್ನೂ ಬಿಡಿ ಕಡ್ಡಿಗಳನ್ನೂ ಕೊಡಿ. 52 ಕಡ್ಡಿಗಳಲ್ಲಿ 38 ತೆಗೆಯಲು ಹೇಳಿದಾಗ ಒಂದು ಕಟ್ಟು ಬಿಚ್ಚದೆ ದಾರಿಯಿಲ್ಲ. 328ರವರಿಗೆ ಉತ್ತರವನ್ನು ಕೂಡಿಸಿ ತಾಳೆ ನೋಡಲು ಹೇಳಿ: 328ಕ್ಕೆ 276 ಸೇರಿಸಿದರೆ 604. ನೂರು ಎಲ್ಲಿಂದ ಹೆಚ್ಚಿಗೆ ಬಂತು ಎಂದು ಅವರೇ ಹುಡುಕಲಿ.

ವಾರದೊಳಗೆ ಸಂಖ್ಯೆ ಬದಲಿಸಿ ಮತ್ತೆ ಕೇಳಿ, 702ರಲ್ಲಿ 384. ಸರಿಯುತ್ತರ 318. ಹಿಂದೆ 372 ಬರೆದಿದ್ದ ಮಗು ಈಗ 482 ಬರೆದರೆ ಕಡ್ಡಿಯ ಕೆಲಸ ಹಾಳೆಯ ಲೆಕ್ಕಕ್ಕೆ ಇನ್ನೂ ಜೋಡಣೆಯಾಗಿಲ್ಲ ಎಂದರ್ಥ. ಆಗ ಕಟ್ಟು ಬಿಚ್ಚುವ ಪ್ರತಿ ಹೆಜ್ಜೆಯನ್ನೂ ಆ ಕ್ಷಣವೇ ಪಕ್ಕದ ಹಾಳೆಯಲ್ಲಿ ಬರೆಸಿ.