ಮಂಡಿನೋವಿನ ಮಾತ್ರೆ ಮತ್ತು ಮನೋವೈದ್ಯರ ಚೀಟಿ

ಕೇಳುಗರಿಗೆ ನಮಸ್ಕಾರ. ಮನೋವೈದ್ಯರ ದಾಖಲೆ ಕಂಪ್ಯೂಟರಿನಲ್ಲಿದ್ದರೆ ಏನು ಉಪಯೋಗ, ಏನು ಅಪಾಯ ಅನ್ನುವುದು ಇವತ್ತಿನ ಮಾತು.

ಲಿಥಿಯಂ ಮಾತ್ರೆಯ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಮನಸ್ಸು ಒಮ್ಮೆ ವಿಪರೀತ ಹುರುಪಿಗೇರಿ, ಇನ್ನೊಮ್ಮೆ ಪೂರ್ತಿ ಕುಸಿಯುತ್ತದಲ್ಲ, ಆ ಬೈಪೋಲಾರ್ ಕಾಯಿಲೆಗೆ ಕೊಡುವ ಔಷಧಿ ಅದು. ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಅದರ ಗುಣದ ಬಗ್ಗೆ ಬರೆದದ್ದು 1949ರಲ್ಲಿ. ಇವತ್ತಿಗೂ ಅದು ಒಳ್ಳೆಯ ಔಷಧಿಯೇ, ಆದರೆ ಬಹಳ ನಾಜೂಕು. ರಕ್ತದಲ್ಲಿ ಸ್ವಲ್ಪ ಕಮ್ಮಿಯಾದರೆ ಕೆಲಸ ಮಾಡುವುದಿಲ್ಲ, ಸ್ವಲ್ಪ ಜಾಸ್ತಿಯಾದರೆ ವಿಷ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು, ಕಿಡ್ನಿ, ಥೈರಾಯ್ಡ್ ಕೂಡ ನೋಡಿಸಬೇಕು.

ಈ ಮಾತ್ರೆ ತಗೊಳ್ಳುವವರೊಬ್ಬರಿಗೆ ಮಂಡಿನೋವು ಬಂತು ಅಂದುಕೊಳ್ಳಿ. ಬೇರೆ ಡಾಕ್ಟರ ಹತ್ತಿರ ಹೋದರು. ಮನೋವೈದ್ಯರ ಚೀಟಿ ಬೀರುವಿನಲ್ಲೇ ಉಳಿದಿದೆ, ಬಾಯಿಬಿಟ್ಟು ಹೇಳೋದಕ್ಕೆ ಸಂಕೋಚ. ಡಾಕ್ಟರು ಐಬುಪ್ರೊಫೇನ್ ಬರೆದರು. ಆ ಮಾತ್ರೆ, ಲಿಥಿಯಂ ಕಿಡ್ನಿಯ ಮೂಲಕ ಹೊರಹೋಗುವುದನ್ನು ತಗ್ಗಿಸುತ್ತದೆ. ರಕ್ತದಲ್ಲಿ ಲಿಥಿಯಂ ಏರಿತು. ಕೈ ನಡುಕ, ವಾಂತಿ, ಮಂಕು. ಇಬ್ಬರು ಡಾಕ್ಟರಲ್ಲಿ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಲಿಲ್ಲ, ಅಷ್ಟೇ.

ಇಬ್ಬರ ಮುಂದೆಯೂ ಒಂದೇ ಎಲೆಕ್ಟ್ರಾನಿಕ್ ದಾಖಲೆ ಇದ್ದರೆ, ಮಾತ್ರೆಯ ಹೆಸರು ಟೈಪ್ ಮಾಡಿದ ಕೂಡಲೇ ಎಚ್ಚರಿಕೆ ಬರುವಂತೆ ಮಾಡಬಹುದು. ಹಾಗಂತ ಪ್ರತಿಯೊಂದಕ್ಕೂ ಎಚ್ಚರಿಕೆ ಬಂದರೆ ಡಾಕ್ಟರು ಓದದೇ ಸುಮ್ನೆ ‘ಸರಿ’ ಅಂತ ಒತ್ತಿಬಿಡುತ್ತಾರೆ, ಅದೂ ನಿಜ. ರಕ್ತ ಪರೀಕ್ಷೆಯ ತಾರೀಕು ದಾಟಿದ್ದರೆ ಅದನ್ನೂ ಕಂಪ್ಯೂಟರು ನೆನಪಿಸುತ್ತದೆ.

ಇನ್ನೊಂದು ಉಪಯೋಗವಿದೆ. ಮನೋವೈದ್ಯರ ದಾಖಲೆಯಲ್ಲಿ ಅಂಕಿಗಿಂತ ಮಾತೇ ಜಾಸ್ತಿ. ನಿದ್ದೆ ಬಂತಾ, ಊಟ ಸೇರಿತಾ, ಮಾತ್ರೆ ಯಾಕೆ ಬಿಟ್ಟರು, ಎಲ್ಲ ವಾಕ್ಯದಲ್ಲಿರುತ್ತದೆ. ಲಂಡನ್ನಿನ ಮಾಡ್ಸ್ಲಿ ಎಂಬ ಮನೋರೋಗ ಆಸ್ಪತ್ರೆಯ ಸಂಶೋಧಕರು ರೋಗಿಗಳ ಗುರುತು ತೆಗೆದುಹಾಕಿ, ಇಂಥ ವಾಕ್ಯಗಳನ್ನು ಕಂಪ್ಯೂಟರಿನಿಂದ ಓದಿಸುತ್ತಾರೆ. ಯಾವ ಔಷಧಿಯಿಂದ ಏನು ತೊಂದರೆ ಆಗುತ್ತಿದೆ ಅನ್ನುವುದು ಸಾವಿರಾರು ಜನರ ದಾಖಲೆ ಒಟ್ಟಿಗೆ ನೋಡಿದಾಗ ತಿಳಿಯುತ್ತದೆ.

ಆದರೆ ಅದೇ ಮಾತುಗಳು ಕಳ್ಳರ ಕೈಗೆ ಸಿಕ್ಕರೆ? ಫಿನ್ಲೆಂಡಿನಲ್ಲಿ ಸಿಕ್ಕವು. ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ದಾಖಲೆ ಕದ್ದವರು 2020ರಲ್ಲಿ ರೋಗಿಗಳಿಗೇ ಇಮೇಲ್ ಕಳಿಸಿ, ದುಡ್ಡು ಕೊಡಿ, ಇಲ್ಲದಿದ್ದರೆ ನೀವು ಹೇಳಿಕೊಂಡದ್ದನ್ನೆಲ್ಲ ಬಯಲು ಮಾಡುತ್ತೇವೆ ಅಂತ ಬೆದರಿಸಿದರು.

ಹಾಗಾಗಿ ಎಲ್ಲವನ್ನೂ ಒಂದೇ ಕಡೆ ತೆರೆದಿಡುವುದು ನನಗೆ ಒಪ್ಪಿಗೆಯಿಲ್ಲ. ಔಷಧಿ, ಅಲರ್ಜಿ, ಪರೀಕ್ಷೆಗಳ ಪಟ್ಟಿ ಚಿಕಿತ್ಸೆ ಕೊಡುವ ಡಾಕ್ಟರಿಗೆಲ್ಲ ಕಾಣಲಿ. ಮದುವೆ ಮುರಿದ ಕತೆ, ಬಾಲ್ಯದ ನೋವು, ಮಂಡಿನೋವಿನ ಡಾಕ್ಟರಿಗೆ ಯಾಕೆ ಬೇಕು, ಅಲ್ವಾ? ಅದಕ್ಕೆ ಬೇರೆ ಬೀಗವಿರಲಿ. ದಾಖಲೆಯನ್ನು ಯಾರು ಯಾವಾಗ ತೆರೆದರು ಅನ್ನುವುದನ್ನು ಕಂಪ್ಯೂಟರು ಬರೆದಿಟ್ಟುಕೊಳ್ಳಬಲ್ಲದು. ಆ ಪಟ್ಟಿ ರೋಗಿಗೂ ಕಾಣಬೇಕು. ಕಾಗದದ ಫೈಲಿನಲ್ಲಿ ಈ ಸೌಕರ್ಯ ಇರಲೇ ಇಲ್ಲ.

ನಮಸ್ಕಾರ.